ಇನ್ನೂ ಒಣಗದ ಪುಸ್ತಕಗಳು

ಗಾರೆ ಕೆಲಸದವರೊಬ್ಬರು ಅರ್ಧ ಓದಿಟ್ಟಿದ್ದ ಕಾದಂಬರಿ ಹೋದ ಸೋಮವಾರ ಮಾರಾಟವಾಗಿಬಿಟ್ಟಿತು. ಅಂಗಡಿಯಲ್ಲಿ ಅದರ ಇನ್ನೊಂದು ಪ್ರತಿ ಇರಲಿಲ್ಲ.

ಮಂಗಳವಾರ, ಬೆಳಕು ಹರಿಯುವ ಹೊತ್ತು. ನಾಲ್ಕು ರಸ್ತೆ ಕೂಡುವ ಮೂಲೆಯ ಪುಸ್ತಕದಂಗಡಿಯ ಷಟರ್ ಕಿರ್ರೆಂದು ಅರ್ಧಕ್ಕೆ ಏರಿ ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲಿ ಕೆಲಸಕ್ಕಿರುವ ಅಕ್ಕ ಅದಕ್ಕೊಂದು ಒದೆ ಕೊಡುತ್ತಾರೆ. ಉಳಿದರ್ಧವೂ ಏರುತ್ತದೆ. "ಮರ್ಯಾದೆ ಕೊಟ್ರೆ ಮೇಲೆ ಹೋಗಲ್ಲ ಇದು," ಎನ್ನುತ್ತಾ ದೀಪ ಹಾಕುತ್ತಾರೆ. ಬಾಗಿಲ ಪಕ್ಕದ ಉದ್ದ ಬೆಂಚಿನ ಮೇಲೆ ಆಗಲೇ ಜನ. ಕೆಲಸದ ಗಾಡಿಗೆ ಕಾಯುವ ಗಾರೆಯವರು, ರಾತ್ರಿ ಪಾಳಿ ಮುಗಿಸಿದ ಆಸ್ಪತ್ರೆಯ ಆಯಾ, ಆಟೋದವರೊಬ್ಬರು. ಒಬ್ಬೊಬ್ಬರೇ ಹಿಂದಿನ ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು, ಕಪಾಟಿನ ಕಡೆ ನಡೆಯುತ್ತಾರೆ.

ಅಲ್ಲೇ ನಿಲ್ಲುತ್ತಾರೆ. ಯಾರಿಗೂ ತಮ್ಮ ಪುಸ್ತಕ ಕಾಣುತ್ತಿಲ್ಲ.

ಈ ಅಂಗಡಿಯ ಪದ್ಧತಿಯೇ ಬೇರೆ. ಕೊಳ್ಳಲಾಗದವರು ಇಲ್ಲೇ ಕೂತು ಓದಬಹುದು, ದಿನಕ್ಕಿಷ್ಟು ಪುಟ ಎಂದು. ಓದಿ ಮುಗಿಯುವವರೆಗೆ ಆ ಪ್ರತಿ ಮಾರಾಟಕ್ಕಿಲ್ಲ. ಅಂಥ ಪುಸ್ತಕವನ್ನು ಅಕ್ಕ ಕಪಾಟಿನಲ್ಲಿ ತಿರುಗಿಸಿ ಇಡುತ್ತಾರೆ: ಹೆಸರಿರುವ ಬೆನ್ನು ಗೋಡೆಯ ಕಡೆಗೆ, ಹಾಳೆಗಳ ಅಂಚು ನಮ್ಮ ಕಡೆಗೆ. ಓಣಿಯವರೆಲ್ಲ ಅವರನ್ನು 'ಉಲ್ಟಾ ಅಕ್ಕ' ಎನ್ನುವುದು ಇದಕ್ಕೇ. ಸೋಮವಾರ ಮಧ್ಯಾಹ್ನ ಅಕ್ಕ ತಂಗಿಯನ್ನು ಡಾಕ್ಟರ ಬಳಿ ಕರೆದೊಯ್ದಿದ್ದಾಗ, ಈಗ ಅಂಗಡಿ ನೋಡಿಕೊಳ್ಳುತ್ತಿರುವ ಮಾಲೀಕರ ಅಳಿಯ ಎಲ್ಲ ಪುಸ್ತಕಗಳನ್ನೂ ನೆಟ್ಟಗೆ ತಿರುಗಿಸಿಬಿಟ್ಟಿದ್ದರು. ಕಪಾಟು ಚೆಂದ ಕಾಣಲಿ ಎಂದು. ಹಾಗೆ ನೆಟ್ಟಗಾದವುಗಳಲ್ಲೊಂದು ಅಂದು ಸಂಜೆಯೇ ಮಾರಾಟವಾಯಿತು.

"ನಂದು ಹಸಿರು ರಟ್ಟಿಂದು ಕಣಕ್ಕ, ಎಲ್ಲೋಯ್ತು?"

"ನಂದ್ರಲ್ಲಿ ಬಸ್ ಟಿಕೇಟ್ ಇತ್ತು."

"ಎಲ್ರದ್ರಲ್ಲೂ ಬಸ್ ಟಿಕೇಟೇ ಇರೋದು, ಸುಮ್ನೆ ಹುಡುಕಮ್ಮ."

ಗಾಡಿಯ ಹಾರ್ನ್ ಕೇಳುವ ಹೊತ್ತಿಗೆ ಎಲ್ಲವೂ ಸಿಗುತ್ತವೆ, ಗಾರೆಯವರದೊಂದು ಬಿಟ್ಟು. ಐವತ್ತು ದಾಟಿದ ಆ ಮನುಷ್ಯ ಸಿಟ್ಟಾಗುವುದಿಲ್ಲ. ಕೇಳುವುದು ಒಂದೇ ಮಾತು: "ಅಲ್ಲಕ್ಕ, ಆ ಹುಡುಗಿ ದೋಣಿ ಹತ್ತಿದ್ಲಾ ಇಲ್ವಾ?"

ಬೆಂಚಿನಲ್ಲಿ ಯಾರಿಗೂ ಗೊತ್ತಿಲ್ಲ. ಅಕ್ಕನಿಗೂ ಗೊತ್ತಿಲ್ಲ.

"ನಾನು ಓದೋದು ಕಮ್ಮಿ. ಎರಡು ಪುಟಕ್ಕೆ ನಿದ್ದೆ ಬರುತ್ತೆ," ಎಂದು ಅಕ್ಕ ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಾರೆ. ಪುಸ್ತಕದ ಜೊತೆ ಅವರ ನಂಟು ಅಂಟಿನಿಂದ ಶುರುವಾದದ್ದು. ಹರೆಯವೆಲ್ಲ ಬೈಂಡಿಂಗ್ ಕಾರ್ಖಾನೆಯೊಂದರಲ್ಲಿ ಕಳೆಯಿತು. ಬೆನ್ನಿಗೆ ಅಂಟು ಬಳಿದು ರಟ್ಟು ಕೂರಿಸುವ ಕೆಲಸ. ಬೆರಳ ತುದಿಗಳು ಇವತ್ತಿಗೂ ನುಣುಪು, ಗೆರೆಯೇ ಇಲ್ಲ. ಒಂದು ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ಯಂತ್ರ ಬಂದಿದೆ, ನೀವು ಬೇಡ ಎಂದು ಹೇಳಲಿಕ್ಕೂ ಯಾರೂ ನಿಂತಿರಲಿಲ್ಲ. ಆಗ ಕರೆದು ಕೆಲಸ ಕೊಟ್ಟವರು ಈ ಅಂಗಡಿಯ ಹಿರಿಯ ಮಾಲೀಕರು. ಈಗ ಅವರು ಕಣ್ಣು ಮಂಜಾಗಿ ಮನೆಯಲ್ಲೇ ಇರುತ್ತಾರೆ.

ಉಲ್ಟಾ ಇಡುವ ಪದ್ಧತಿಯೂ ಆ ಕಾರ್ಖಾನೆಯದೇ. "ಅಂಟು ಹಸಿ ಇರೋ ಪುಸ್ತಕಾನ ಬೆನ್ನು ಗೋಡೆ ಕಡೆ ಮಾಡಿ ಇಡ್ತಿದ್ವಿ. ಅದನ್ನ ನೋಡಿದ್ರೆ ಯಾರೂ ಮುಟ್ಟಬಾರದು, ಎತ್ತಿದ್ರೆ ಹಾಳೆ ಕಿತ್ತು ಬರುತ್ತೆ. ಇಲ್ಲಿ ಈ ಆಯಾ ದಿನಾ ನಿಂತ್ಕೊಂಡೇ ಒಂದೊಂದು ಅಧ್ಯಾಯ ಓದಿ, ನಾಳೆ ಇರುತ್ತೋ ಇಲ್ವೋ ಅಂತ ಹೆದರಿಕೊಂಡೇ ಹೋಗೋಳು. ಒಂದಿನ ತಿರುಗಿಸಿಟ್ಟೆ. ಓದ್ತಾ ಇರೋದೂ ಹಾಗೇ ಅಲ್ವಾ? ಇನ್ನೂ ಒಣಗಿರಲ್ಲ."

ಓದುವ ಅಭ್ಯಾಸ ಸತ್ತೇಹೋಯಿತೆಂದು ಸಭೆಗಳಲ್ಲಿ ಶಾಲು ಹೊದ್ದು ಗೋಳಾಡುವವರು ಒಂದು ಬೆಳಿಗ್ಗೆ ಈ ಬೆಂಚಿನ ಬಳಿ ಬರಲಿ. ಓದು ಸತ್ತಿಲ್ಲ, ಕೂರಲು ಜಾಗ ಸಿಗದೆ ನಿಂತಿದೆ. ಗೋಡೆ ಕಟ್ಟುವವರು, ಗಾಯ ತೊಳೆಯುವವರು, ನಮ್ಮನ್ನು ಹೊತ್ತು ತಿರುಗುವವರು ಇಷ್ಟಿಷ್ಟೇ ಹೊತ್ತು ಕದ್ದು ಓದುತ್ತಿದ್ದಾರೆ. ಆ ಹೊತ್ತನ್ನೂ ಕಿತ್ತುಕೊಂಡು ಕಪಾಟು ಚೆಂದ ಮಾಡುತ್ತೇವೆ ಎನ್ನುವವರಿಗೆ ಏನು ಹೇಳುವುದು?

ಅಳಿಯಂದಿರು ಕೆಟ್ಟವರಲ್ಲ. ಟೈರ್ ಅಂಗಡಿಯಲ್ಲಿ ಪಳಗಿದವರು. ಇಸ್ತ್ರಿ ಅಂಗಿ, ನಿಮಿಷಕ್ಕೊಮ್ಮೆ ತಲೆ ಬಾಚಿಕೊಳ್ಳುವ ಚಟ. ಮಂಗಳವಾರ ಹತ್ತು ಗಂಟೆಗೆ ಬಂದವರ ಎದುರು ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ.

"ಅಕ್ಕ, ಇದು ಲೈಬ್ರರಿ ಅಲ್ಲ."

"ಲೈಬ್ರರಿ ಬಾಗಿಲು ತೆಗೆಯೋ ಹೊತ್ತಿಗೆ ಇವರು ಕಟ್ಟಡದ ಸಾರ್ವೆ ಮೇಲೆ ನಿಂತಿರ್ತಾರಪ್ಪ. ಮುಚ್ಚಿದ ಮೇಲೆ ಇಳೀತಾರೆ."

"ಓಡಿಸಿದ ಟೈರನ್ನ ಯಾರಾದ್ರೂ ಹೊಸದು ಅಂತ ಮಾರ್ತಾರಾ?"

"ಟೈರ್ ಓದೋರು ಸಿಕ್ರೆ ಅದನ್ನೂ ತಿರುಗಿಸಿಡ್ತೀನಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಳಿಯಂದಿರು ನಗಲಿಲ್ಲ. ಗಡುವು ಕೊಟ್ಟರು. ಈ ವಾರ ಓದಿ ಮುಗಿಸಿಕೊಳ್ಳಲಿ. ಭಾನುವಾರ ಒಂದೇ ಒಂದು ಪುಸ್ತಕ ಉಲ್ಟಾ ಕಂಡರೂ ಅಕ್ಕ ಸೋಮವಾರದಿಂದ ಕೆಲಸಕ್ಕೆ ಬರುವುದು ಬೇಡ. ಮನೆಯಲ್ಲಿ ತಂಗಿ, ತಂಗಿಯ ಔಷಧಿ, ಎರಡಕ್ಕೂ ಈ ಕೆಲಸವೇ ಆಧಾರ. ಅಕ್ಕ "ಆಯ್ತು, ನೋಡೋಣ" ಎಂದು ಪೊರಕೆ ಹಿಡಿದರು.

ಅಂಗಡಿ ಮಾತ್ರ ಎಂದಿನಂತೆ ಗಿಜಿಗುಡುತ್ತದೆ. ಹೊಸ ಮನೆಯವರೊಬ್ಬರಿಗೆ ಷೋಕೇಸಿಗೆ ಹೊಂದುವ ನೀಲಿ ಬಣ್ಣದ ಪುಸ್ತಕಗಳು ಬೇಕು, ಯಾವುದಾದರೂ ಸರಿ. "ತಗೊಳಿ ಸ್ವಾಮಿ. ಮನೆಗೆ ಬಂದ ನೆಂಟರಾದ್ರೂ ಓದ್ಲಿ." ಗಂಡ ಹೆಂಡತಿ ಇಬ್ಬರು ಒಂದೇ ಪುಸ್ತಕ ಹಿಡಿದು ಎಳೆದಾಡುತ್ತಾರೆ. "ಯಾರು ಮೊದಲು ಓದಬೇಕು ಅಂತ ಮನೇಲಿ ಜಗಳಾಡಿ, ಇಲ್ಲಿ ಹರೀಬೇಡಿ." ಕಣ್ಣು ಬಾಡಿದ ಸೊಸೆಯೊಬ್ಬಳು ಬರುತ್ತಾಳೆ. ಅತ್ತೆ ಆಸ್ಪತ್ರೆಯಲ್ಲಿದ್ದಾರೆ, ಓದಿ ಹೇಳಬೇಕು, ಯಾರೂ ಸಾಯದ ಕಥೆ ಇದೆಯಾ? ಅಕ್ಕ ಓದಿದವರಲ್ಲವಲ್ಲ, ಅಂಗಡಿಗೇ ಕೂಗು ಹಾಕುತ್ತಾರೆ: "ರೀ, ಯಾರೂ ಸಾಯದೇ ಇರೋದು ಯಾವುದಿದೆ ಹೇಳ್ರೀ!" ಮೂಲೆ ಮೂಲೆಯಿಂದ ಜನ ಬರುತ್ತಾರೆ. ಇದರಲ್ಲಿ ನಾಯಿ ಸಾಯುತ್ತೆ, ಬೇಡ. ಅದರಲ್ಲಿ ಮಾವ ಸಾಯ್ತಾನೆ, ಆದರೆ ಸಾಯಲೇಬೇಕಾದವನು. ಕೊನೆಗೆ ಸೊಸೆ ನಗುತ್ತಾ ಒಂದು ತೆಳು ಪುಸ್ತಕ ಹಿಡಿದು ಹೋಗುತ್ತಾಳೆ.

ಗಾರೆಯವರು ಬುಧವಾರವೂ ಬಂದು ಬೆಂಚಿನ ತುದಿಯಲ್ಲಿ ಸುಮ್ಮನೆ ಕೂರುತ್ತಾರೆ. ಬೇರೆ ಪುಸ್ತಕ ಬೇಡವಂತೆ. "ಇಟ್ಟಿಗೆ ಮೇಲೆ ಇಟ್ಟಿಗೆ ಇಡ್ತೀನಿ, ಅವಳು ದಡದಲ್ಲೇ ನಿಂತಿರ್ತಾಳಕ್ಕ. ಮೇಸ್ತ್ರಿ ನಿನ್ನೆ ಬೈದ, ಗೋಡೆ ಸೊಟ್ಟ ಹೋಗ್ತಿದೆ ಅಂತ."

ಗುರುವಾರ ಮುಂಜಾನೆ ಪಕ್ಕದ ಬೀದಿಯ ಹಲ್ಲಿನ ಡಾಕ್ಟರಮ್ಮ ವಾಕಿಂಗ್ ಬೂಟಿನಲ್ಲೇ ಬಂದು ನಿಲ್ಲುತ್ತಾರೆ. ಕೈಯಲ್ಲಿ ಅದೇ ಕಾದಂಬರಿ. ಪುಟಗಳ ನಡುವಿನಿಂದ ಒಂದು ನೂಲು ಇಳಿಬಿದ್ದಿದೆ, ಗೋಡೆಯ ನೇರ ನೋಡಲು ಕಟ್ಟುವ ನೂಲು. ಸಿಮೆಂಟು ಹತ್ತಿ ಗಟ್ಟಿಯಾಗಿದೆ.

"ಸೋಮವಾರ ನಾನೇ ಕೊಂಡಿದ್ದು. ಯಾರೋ ಇಲ್ಲೀವರೆಗೆ ಓದಿದ್ದಾರೆ ಅನ್ಸುತ್ತೆ. ಈ ದಾರ ದಾಟಿ ಮುಂದೆ ಹೋಗೋಕೆ ನನಗೆ ಮನಸ್ಸೇ ಬರಲಿಲ್ಲ. ಅವರದು ಮುಗೀಲಿ, ಆಮೇಲೆ ತಗೊಂಡು ಹೋಗ್ತೀನಿ."

ಬೆಂಚಿಗೆ ಬೆಂಚೇ ಎದ್ದು ನಿಲ್ಲುತ್ತದೆ. ಗಾರೆಯವರು ಕೈ ತೊಳೆಯುತ್ತಾರೆ, ಮತ್ತೊಮ್ಮೆ ತೊಳೆಯುತ್ತಾರೆ. ಶನಿವಾರ ಕೊನೆಯ ಪುಟ. ಗಾಡಿ ಹಾರ್ನ್ ಹೊಡೆಯುತ್ತದೆ, ಗಾಡಿಯೊಳಗಿಂದ ಜೊತೆ ಕೆಲಸದವರ ಹತ್ತು ಬಾಯಿ ಕೂಗುತ್ತವೆ: "ಹತ್ತಿದ್ಲೇನಪ್ಪೋ?" ಗಾರೆಯವರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿದ್ದ ಡಾಕ್ಟರಮ್ಮ ಎರಡೂ ಕಿವಿ ಮುಚ್ಚಿಕೊಳ್ಳುತ್ತಾರೆ: "ಹೇಳಬೇಡಿ, ಹೇಳಬೇಡಿ!"

ಇನ್ನೇನು ಆಸೆ ಎಂದು ಕೇಳಿದರೆ ಅಕ್ಕ ಬೆಂಚನ್ನು ತೋರಿಸುತ್ತಾರೆ. "ಇದಕ್ಕೊಂದು ಜೊತೆ ಬೇಕು. ಆಯಾಗೆ ಮಂಡಿನೋವು, ಪಾಪ, ಕಾಲು ಚಾಚೋಕೆ ಜಾಗ ಇಲ್ಲ."

ಭಾನುವಾರ ಬಂದೇ ಬಿಡುತ್ತದೆ. ವಾರದಲ್ಲಿ ಓದುಗರು ಪೈಪೋಟಿಗೆ ಬಿದ್ದು ಮುಗಿಸಿದ್ದಾರೆ. ಆಯಾ ಪಾಳಿಯ ನಡುವೆ ಓಡಿಬಂದು ಓದಿದ್ದಾಳೆ. ಕಪಾಟೆಲ್ಲ ನೆಟ್ಟಗಿದೆ, ಮೇಲಿನ ಸಾಲಿನ ದಪ್ಪ ಪತ್ತೇದಾರಿ ಕಾದಂಬರಿಯೊಂದು ಬಿಟ್ಟು. ಅದು ಉಲ್ಟಾ ಇದೆ.

ಅಳಿಯಂದಿರು ಬೆಳಿಗ್ಗೆಯಿಂದ ಗಲ್ಲಾದ ಸುತ್ತ ಬಾಚಣಿಗೆ ಹುಡುಕುತ್ತಿದ್ದಾರೆ. ನಾಲ್ಕು ದಿನದಿಂದ ಕಾಣುತ್ತಿಲ್ಲವಂತೆ. ಅಷ್ಟರಲ್ಲಿ ಒಬ್ಬ ಗಿರಾಕಿ ಆ ಪತ್ತೇದಾರಿಯನ್ನೇ ಕೇಳುತ್ತಾರೆ. ಅಣ್ಣನಿಗೆ ಉಡುಗೊರೆ, ಇವತ್ತೇ ಬೇಕು. ಅಳಿಯಂದಿರು ತಲೆ ಎತ್ತಿ ನೋಡುತ್ತಾರೆ, ಅದಿರಬೇಕಾದ ಜಾಗದಲ್ಲಿ ಉಲ್ಟಾ ಪುಸ್ತಕ ಕಾಣುತ್ತದೆ, ಮುಖ ಬಿಗಿಯುತ್ತದೆ.

"ಅಕ್ಕ, ಭಾನುವಾರ ಅಂತ ಹೇಳಿದ್ದೆ ನಾನು. ತೆಗೆದು ಕೊಡಿ ಅದನ್ನ."

"ಆಗಲ್ಲ. ಇನ್ನೂ ಒಣಗಿಲ್ಲ."

"ಯಾರದು ಅದು?"

ಅಕ್ಕ ಸ್ಟೂಲು ಹತ್ತಿ ಪುಸ್ತಕ ಇಳಿಸಿ ತೆರೆಯುತ್ತಾರೆ. ನಡುವಿನ ಪುಟದಲ್ಲಿ ಒಂದು ಕಪ್ಪು ಬಾಚಣಿಗೆ.

"ಮಧ್ಯಾಹ್ನ ಗಲ್ಲಾ ಕೆಳಗೆ ಬಗ್ಗಿ ಬಗ್ಗಿ ಓದ್ತಾ ಇದ್ರಲ್ಲ. ಬುಧವಾರ ಅರ್ಧಕ್ಕೇ ಬಿಟ್ಟು ಹೋದ್ರಿ, ನಾನೇ ತಿರುಗಿಸಿಟ್ಟೆ."

ಬೆಂಚಿನಲ್ಲಿ ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅಳಿಯಂದಿರ ಕಿವಿ ಕೆಂಪಾಗುತ್ತದೆ. ಗಿರಾಕಿಯನ್ನು ನೋಡುತ್ತಾರೆ, ಬಾಚಣಿಗೆಯನ್ನು ನೋಡುತ್ತಾರೆ. ದನಿ ತಗ್ಗಿಸಿ, "ಇರಲಿ ಅಕ್ಕ, ನನಗೇನು, ಇನ್ನೊಂದು ತರಿಸ್ಕೋತೀನಿ. ನಾನೇ ಹೇಳ್ತಿದ್ದೀನಲ್ಲ, ಕೊಟ್ಬಿಡಿ," ಎನ್ನುತ್ತಾರೆ.

"ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಯ್ತಾ?"

"ಇನ್ನೂ ಇಲ್ಲ."

"ಹಂಗಾದ್ರೆ ಕೊಡಲ್ಲ," ಎಂದು ಅಕ್ಕ ಬಾಚಣಿಗೆಯನ್ನು ಇದ್ದ ಪುಟದಲ್ಲೇ ಮುಚ್ಚಿ, ಸ್ಟೂಲು ಹತ್ತಿ, ಪುಸ್ತಕದ ಬೆನ್ನನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಾರೆ.