ಎರಡು ಬಗೆಯ ಗುಂಡಿ

ನಮ್ಮ ಚಿಕ್ಕಮ್ಮ ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕಿದಳು. ಕಾರ್ಖಾನೆ ಮುಚ್ಚಿದ ಮೇಲೆ, ಇನ್ನು ನೆಲದಲ್ಲಿ ಗುಂಡಿ ತೋಡುವುದನ್ನು ಕಲಿಯುತ್ತೇನೆ ಎಂದಳು. ಚಿಕ್ಕಪ್ಪ ನಕ್ಕರು. ಅವಳು ನಗಲಿಲ್ಲ. ಮಣ್ಣು ಅಗೆಯುವ ಯಂತ್ರದ ಸೀಟಿಗೆ ಬೆನ್ನೊರಗು ಇರುತ್ತದೆ, ಬಾಗಿಲೂ ಇರುತ್ತದೆ, ಪಕ್ಕದಲ್ಲಿ ನಿಂತು ಬೈಯುವವರಿಗೆ ಜಾಗ ಇರುವುದಿಲ್ಲ ಎಂದು ಕಾರಣ ಕೊಟ್ಟಳು.

ಅವಳ ಅಣ್ಣ, ನನ್ನ ಸೋದರಮಾವ, ಕಲ್ಲುಕ್ವಾರಿಯಲ್ಲಿ ಅಂಥದೇ ಯಂತ್ರ ಓಡಿಸುತ್ತಿದ್ದ. ಕಲಿಸು ಎಂದದ್ದಕ್ಕೆ ಗ್ರೀಸ್ ಡಬ್ಬಿ ಕೊಟ್ಟ. ತಾನೂ ಹಾಗೇ ಕಲಿತದ್ದಂತೆ. ಬೇಸಿಗೆಯೆಲ್ಲ ಚಿಕ್ಕಮ್ಮ ಕೀಲುಕೀಲಿಗೆ ಗ್ರೀಸ್ ಹಚ್ಚಿದಳು. ಸೀಟಿನ ಮೇಲೆ ಕೂರಲು ಮಾವ ಒಮ್ಮೆಯೂ ಬಿಡಲಿಲ್ಲ.

ಆಮೇಲೆ ಚಪ್ಪಲಿ ಅಂಗಡಿಯ ಮಹಡಿಯಲ್ಲಿದ್ದ ತರಬೇತಿ ಕೇಂದ್ರ ಸೇರಿದಳು. ಅಲ್ಲಿದ್ದದ್ದು ಒಂದು ಕುರ್ಚಿ, ಎರಡು ಹಿಡಿಕೆ, ಎದುರಿಗೊಂದು ಪರದೆ. ಪರದೆಯ ಮೇಲೆ ಅವಳು ಸೀರೆಗೆ ಧೂಳು ಸೋಕದಂತೆ ಇಡೀ ಕಾಲುವೆ ಅಗೆದಳು. ನಿಜವಾದ ಯಂತ್ರ ಎಲ್ಲಿ ಎಂದಾಗ ಕೇಂದ್ರದವನು ಗೋಡೆಯ ಫೋಟೋ ತೋರಿಸಿದ. ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದು ಸಾಕೆಂದು ಅದನ್ನೂ ಬಿಟ್ಟಳು.

ಉಳಿದದ್ದು ಯಂತ್ರ ಮಾರುವವರೇ ಊರಾಚೆ ನಡೆಸುತ್ತಿದ್ದ ಶಾಲೆ. ಬಯಲು, ಹಳೆಯದೊಂದು ಯಂತ್ರ, ಅದಕ್ಕಿಂತ ಹಳೆಯ ಮೇಷ್ಟ್ರು. ಬೆಳಿಗ್ಗೆ ಗುಂಡಿ ತೋಡಬೇಕು, ಸಂಜೆ ಮುಚ್ಚಬೇಕು. ಈ ಗುಂಡಿ ಯಾಕೆ ಎಂದು ಕೇಳಿದರೆ ಮೇಷ್ಟ್ರು, "ಮುಚ್ಚೋಕೆ" ಎನ್ನುತ್ತಿದ್ದರು. ಮೊದಲ ವಾರವೇ ಚಿಕ್ಕಮ್ಮ ಯಂತ್ರದ ತೋಳಿನ ಬಕೆಟ್ ತಿರುಗಿಸಿದ ರಭಸಕ್ಕೆ ಅವರ ತಗಡಿನ ಶೆಡ್ ನೆಲಕ್ಕೆ ಮಲಗಿತು. ಮೇಷ್ಟ್ರು ಅದರಡಿಯಿಂದ ತಮ್ಮ ಊಟದ ಡಬ್ಬಿ ಎಳೆದುಕೊಂಡು, "ಇನ್ನೊಂದ್ಸಲ, ನಿಧಾನಕ್ಕೆ" ಎಂದರು. ಅವತ್ತು ಮನೆಗೆ ಬರುವ ಬಸ್ಸಿನಲ್ಲಿ ಅವಳು ಅತ್ತಳಂತೆ. ಮರುದಿನ ಮತ್ತೆ ಹೋದಳು. ಪರೀಕ್ಷೆ ಎರಡನೇ ಸಲಕ್ಕೆ ಪಾಸಾಯಿತು.

ಕೆಲಸ ಮಾತ್ರ ಯಾರೂ ಕೊಡಲಿಲ್ಲ. ಒಬ್ಬ ಕಂಟ್ರಾಕ್ಟರ್ ಅವಳ ಬೆನ್ನ ಹಿಂದೆ ಇಣುಕಿ, ಆಪರೇಟರ್ ಎಲ್ಲಿ ಎಂದು ಕೇಳಿದ.

ಅಷ್ಟರಲ್ಲಿ ಮಾವ ಯಂತ್ರದಿಂದ ಇಳಿಯುವಾಗ ಜಾರಿ ಕಾಲು ಮುರಿದುಕೊಂಡ. ಕ್ವಾರಿಯಲ್ಲಿ ಲಾರಿಗಳು ಸಾಲುಗಟ್ಟಿದವು. ಮಾಲೀಕ ಆಸ್ಪತ್ರೆಗೇ ಬಂದು, ಬೇರೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ. ಮಾವ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲೆ ಸರಿಸಿಟ್ಟುಕೊಂಡ.

"ನನ್ನ ತಂಗಿ ಇದಾಳೆ. ಗ್ರೀಸ್ ಚೆನ್ನಾಗಿ ಹಚ್ತಾಳೆ."

"ಓಡಿಸ್ತಾಳಾ?"

"ನಾನು ಕಲಿಸ್ಲಿಲ್ಲ," ಎಂದ ಮಾವ. "ಕಲ್ತಿದಾಳೆ."

ಮೊದಲ ದಿನ ಅವಳು ಬಂಡೆಗಳನ್ನು ಎಷ್ಟು ನಿಧಾನವಾಗಿ ಎತ್ತಿಟ್ಟಳೆಂದರೆ ಲಾರಿಯವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು. ಅವಳು ಬಾಗಿಲು ಹಾಕಿಕೊಂಡಳು. ಸಂಜೆಗೆ ಯಾವ ಲಾರಿಯೂ ಖಾಲಿ ಹೋಗಲಿಲ್ಲ, ಯಾವುದಕ್ಕೂ ಪೆಟ್ಟೂ ಆಗಲಿಲ್ಲ.

ಮಾವನ ಕಾಲು ಕೂಡಿದ ಮೇಲೆ ಮಾಲೀಕ ಇಬ್ಬರನ್ನೂ ಇಟ್ಟುಕೊಂಡ. ಬೆಳಿಗ್ಗೆ ಅಣ್ಣ, ಮಧ್ಯಾಹ್ನದ ಮೇಲೆ ತಂಗಿ. ಪಾಳಿ ಬದಲಾಗುವಾಗ ಮನೆಯ ಮಾತು ಬರುವುದಿಲ್ಲ.

"ಎಡಕ್ಕೆ ಸ್ವಲ್ಪ ಎಳೀತಿದೆ," ಎನ್ನುತ್ತಾನೆ ಮಾವ.

"ಗೊತ್ತು," ಎಂದು ಚಿಕ್ಕಮ್ಮ ಹತ್ತುತ್ತಾಳೆ.