ಮೇಜಿನ ಮೇಲಿಂದ ಕಂಡ ಆರನೇ ಗೆರೆ

ರಾಯಪುರಂನ ನಮ್ಮ ಲ್ಯಾಬಿನ ಪ್ರೊಫೆಸರರು ನಾಗರಹಾವಿನ ವಿಷದಲ್ಲಿ ಯಾವ ಯಾವ ಪ್ರೋಟೀನುಗಳಿವೆ ಎಂದು ವರ್ಷಗಟ್ಟಲೆ ಹುಡುಕಿದವರು. ವಿಷ ಸೀಸೆಯಲ್ಲಿ ಹಳದಿ ಪುಡಿಯಾಗಿ ಬರುತ್ತಿತ್ತು. ಅದನ್ನು ಮುಟ್ಟಲು ನಾನು ಅಂಜಿದಾಗಲೆಲ್ಲ ಮೂಗಿನ ತುದಿಗೆ ಜಾರಿದ ಕನ್ನಡಕ ಏರಿಸಿ, "ಬರೀ ಪ್ರೋಟೀನು ಕಣಯ್ಯಾ, ನಮ್ಮ ತೊಗರಿಬೇಳೆ ಹಾಗೆ" ಎನ್ನುತ್ತಿದ್ದರು.

ಒಂದು ದಿನ ಎಣ್ಣೂರಿನ ಕಡೆಯ ಹಾವಾಡಿಗ, ತಾಜಾ ವಿಷ ಕೊಡುತ್ತೇನೆಂದು ಹಾವನ್ನೇ ಚೀಲದಲ್ಲಿ ತಂದ. ಗಂಟು ಸಡಿಲಾಗಿ ಅದು ನೆಲಕ್ಕಿಳಿಯಿತು. ಜೀವಂತ ನಾಗರವನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರದ ಪ್ರೊಫೆಸರರು ಪಂಚೆ ಎತ್ತಿಕೊಂಡು ಮೇಜು ಹತ್ತಿಬಿಟ್ಟರು. ಕೈಯಲ್ಲಿದ್ದ ಕಾಗದದ ಪಟ್ಟಿಯನ್ನು ಮಾತ್ರ ಬಿಡಲಿಲ್ಲ. ವಿಷದ ಪ್ರೋಟೀನುಗಳು ಅದರ ಮೇಲೆ ಬೇರೆಬೇರೆ ನೀಲಿ ಗೆರೆಗಳಾಗಿ ಮೂಡಿದ್ದವು. ಅದುವರೆಗೆ ನಮಗೆ ಸಿಕ್ಕಿದ್ದು ಐದೇ ಗೆರೆ.

ಹಾವು ಮತ್ತೆ ಚೀಲ ಸೇರಿತು. "ಪುಡಿಚ್ಚಾಚು ಸಾಮಿ, ಎರಂಗುಂಗ", ಹಿಡಿದಾಯಿತು, ಇಳಿಯಿರಿ ಎಂದು ಹಾವಾಡಿಗ ತನ್ನ ತಮಿಳಿನಲ್ಲಿ ಕರೆದ. ಅವರಿಗೆ ಕೇಳಿಸಲೇ ಇಲ್ಲ. ಮೇಲಿನ ಕಿಟಕಿಯ ಬಿಸಿಲಿಗೆ ಪಟ್ಟಿ ಹಿಡಿದು ನಿಂತಿದ್ದರು.

"ಐದಲ್ಲ ಕಣಯ್ಯಾ, ಆರು! ಬರ್ಕೋ, ಬರ್ಕೋ!"

ಬರೆದುಕೊಂಡೆ. ಆಮೇಲೆ ಪ್ರೊಫೆಸರರು ಇಳಿದು ಬಂದು, ಚೀಲದಿಂದ ಎರಡು ಮಾರು ದೂರ ನಿಂತು, ಕೈ ಜೋಡಿಸಿ, ಹಾವಿಗೆ "ಥ್ಯಾಂಕ್ಯೂ ಸರ್" ಎಂದರು.