ಹಂಚಿನ ಮಸಿಯ ಹೆಬ್ಬೆಟ್ಟು

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಶಿಗ್ಗಾಂವಿಯಿಂದ ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಬಾಗಿಲಲ್ಲಿ ಜೋತುಬಿದ್ದವರನ್ನು ಒಳಗೆ ಕಳಿಸಲು ನನಗೆ ಸೀಟಿ ಬೇಕಾಗಿಲ್ಲ, ಗಂಟಲೇ ಸಾಕು. "ನಿನ್ನ ಬಾಯಿ ಇರೂವಾಗ ಹಾರ್ನ್ ಯಾಕ ಬೇಕವಾ" ಎಂದು ನಮ್ಮ ಡ್ರೈವರ್ ಕಾಕಾ ನಗುತ್ತಾರೆ. ಬಾಯಿ ಜೋರು, ಒಪ್ಪಿದೆ. ಆದರೆ ಈ ಕೆಲಸಕ್ಕೆ ಸೇರಿದಂದಿನಿಂದ ಯಾರ ಮೇಲೂ ಕೈ ಎತ್ತಿಲ್ಲ. ಅದಕ್ಕೆ ಕಾರಣ ಇಬ್ಬರು ಹೆಂಗಸರು. ಒಬ್ಬರು ನಮ್ಮ ಗಣಿತದ ಅಕ್ಕೋರು. ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೇ ಕರೆಯುವುದು. ಇನ್ನೊಬ್ಬಳು ನನ್ನ ಅವ್ವ.

ಒಂಬತ್ತನೆಯ ತರಗತಿಯಲ್ಲಿ ನಾನು ಒಬ್ಬ ಹುಡುಗನ ಹಣೆ ಒಡೆದೆ. ಬಿಸಿಯೂಟದ ಸಾಲಿನಲ್ಲಿ ನನ್ನ ತಟ್ಟೆ ಅವನ ತಟ್ಟೆಗೆ ತಾಗಿತ್ತು. ಅವನು ನನ್ನದನ್ನು ಕಾಲಿನಿಂದ ಆಚೆ ಸರಿಸಿದ. ಯಾಕೆ ಸರಿಸಿದ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಬಡಿಸುತ್ತಿದ್ದವರಿಗೂ ಗೊತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ನಾನೂ ಏನೂ ಅನ್ನದೆ ಅದೇ ತಟ್ಟೆ ಎತ್ತಿ ಬಾರಿಸಿದೆ. ಅವನಿಗೆ ಮೂರು ಹೊಲಿಗೆ ಬಿದ್ದವು.

ಆ ವರ್ಷ ಅದು ನನ್ನ ಮೂರನೆಯ ಜಗಳ. ಹೆಡ್ ಮಾಸ್ತರು ಅವ್ವನನ್ನು ಕರೆಸಿ, "ಇಂಥಾ ಹುಡುಗೀನ ಇಟಗೊಂಡು ನಾವೇನ ಕುಸ್ತಿ ಅಖಾಡಾ ನಡಸೋಣೇನವಾ? ಟಿ.ಸಿ. ಬರದ ಕೊಡ್ತೇನಿ, ತಗೊಂಡ ಹೋಗು" ಎಂದರು. ಟಿ.ಸಿ. ಎಂದರೆ ಶಾಲೆ ಬಿಡಿಸುವ ಚೀಟಿ. ದುಂಡಸಿ ಹತ್ತಿರದ ನಮ್ಮಂಥ ಸಣ್ಣ ಊರಿನಲ್ಲಿ ಅದು ಕೈಗೆ ಬಂದ ಹುಡುಗಿಯನ್ನು ಮತ್ತೆ ಯಾರು ಇನ್ನೊಂದು ಶಾಲೆಗೆ ಸೇರಿಸುತ್ತಾರೆ? ಅಪ್ಪ ಲಾರಿ ಮೇಲೆ ಹೋದರೆ ತಿಂಗಳುಗಟ್ಟಲೆ ಮನೆಯ ಕಡೆ ಮುಖ ಹಾಕುತ್ತಿರಲಿಲ್ಲ. ಹಿರೇಕೆರೂರು ಕಡೆ ಇದ್ದ ಚಿಕ್ಕವ್ವ ಮೊದಲಿನಿಂದಲೂ ನನ್ನನ್ನು ಕೆಲಸಕ್ಕೆ ಕಳಿಸೆಂದು ಕೇಳುತ್ತಿದ್ದಳು. ಅಲ್ಲಿ ಬೀಜದ ಹತ್ತಿಯ ಹೊಲಗಳಲ್ಲಿ ಹೂವಿನ ಪುಡಿಯನ್ನು ಇನ್ನೊಂದು ಹೂವಿಗೆ ಒರೆಸುವ ಕೆಲಸ. ಸಣ್ಣ ಬೆರಳಿನ ಹುಡುಗಿಯರೆಂದರೆ ಮುಗಿಬಿದ್ದು ಕರೆಯುತ್ತಿದ್ದರು. ಟಿ.ಸಿ. ಸಿಕ್ಕರೆ ನನ್ನ ದಾರಿ ಹಿರೇಕೆರೂರಿನ ಹೊಲಕ್ಕೇ ಎಂಬುದು ಮನೆಯಲ್ಲಿ ಬಾಯಿಬಿಟ್ಟು ಹೇಳದ ಮಾತಾಗಿತ್ತು.

ಆಗ ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ ಅಕ್ಕೋರು ತಲೆ ಎತ್ತಿದರು. "ಸರ, ದಸರಾ ಸೂಟಿ ತನಕ ಈಕೀನ ನನಗ ಬಿಡ್ರಿ. ದಿನಾ ನಾ ನೋಡ್ಕೊಳ್ತೇನಿ. ಆಮ್ಯಾಲೂ ಹಿಂಗ ಇದ್ಲಂದ್ರ ನೀವು ಹೇಳಿದಂಗ ಆಗ್ಲಿ." ಹೆಡ್ ಮಾಸ್ತರು ನನ್ನ ಮುಖ ನೋಡಿದರು. ಅವರಿಗೆ ನಂಬಿಕೆ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ಅಕ್ಕೋರ ವ್ಯವಸ್ಥೆ ಇಷ್ಟು. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯ ದಪ್ಪ ಕಾಗದ ಕತ್ತರಿಸಿ ಕಾರ್ಡು ಮಾಡಿದ್ದರು. ದಿನಕ್ಕೊಂದು ಕಾರ್ಡು, ಕಾರ್ಡಿನಲ್ಲಿ ಆರು ಪಿರಿಯಡ್ಡಿಗೆ ಆರು ಮನೆ. ಜಗಳ ಮಾಡದೆ, ಬೈಯದೆ, ನಡುವೆ ಎದ್ದುಹೋಗದೆ ಕೂತರೆ ಆಯಾ ಪಿರಿಯಡ್ಡಿನವರು ಒಂದು ರೈಟ್ ಹಾಕುವರು; ಇಲ್ಲದಿದ್ದರೆ ಸೊನ್ನೆ. ಸಂಜೆ ಕಾರ್ಡು ಮನೆಗೆ ಹೋಗಬೇಕು, ಮರುದಿನ ಅವ್ವನ ಹೆಬ್ಬೆಟ್ಟು ಹೊತ್ತು ವಾಪಸು ಬರಬೇಕು. ತಟ್ಟೆ ಸರಿಸಿದ ಹುಡುಗನಿಗೂ ಒಂದು ಕಾರ್ಡು ಕೊಟ್ಟರು. ಅದೊಂದೇ ಕಾರಣಕ್ಕೆ ನಾನು ಕಾರ್ಡು ಹರಿದು ಒಗೆಯಲಿಲ್ಲ.

ಅಕ್ಕೋರು ಸವಣೂರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ನನ್ನನ್ನು ಪ್ರಾರ್ಥನೆಗೆ ಮೊದಲೇ ನೋಡಬೇಕೆಂದು ಅವತ್ತಿನಿಂದ ಒಂದು ಬಸ್ಸು ಮುಂಚೆ ಬರತೊಡಗಿದರು. ಆ ಬಸ್ಸು ಹಿಡಿಯಲು ಎಷ್ಟು ಹೊತ್ತಿಗೆ ಎದ್ದು ಮನೆಗೆಲಸ ಮುಗಿಸಬೇಕು ಎಂಬುದು ಆಗ ನನ್ನ ತಲೆಗೆ ಹೋಗಿರಲಿಲ್ಲ. ಕಂಡಕ್ಟರ್ ಆದಮೇಲೆ ಒಂದು ದಿನ ಅದೇ ವೇಳೆಯ ಬಸ್ಸಿನ ಡ್ಯೂಟಿ ಬಿತ್ತು. ಖಾಲಿ ಸೀಟುಗಳನ್ನು ನೋಡುತ್ತ ನಿಂತೆ, ಕಣ್ಣು ತುಂಬಿಬಂತು.

ಬೆಳಿಗ್ಗೆ ನೀರಿನ ಟಾಕಿಯ ಹತ್ತಿರ ನಿಂತು ಮೂರು ಪ್ರಶ್ನೆ ಕೇಳುತ್ತಿದ್ದರು. "ಹೊಟ್ಟಿಗೆ ಏನರೆ ಬಿತ್ತೇನ? ರಾತ್ರಿ ನಿದ್ದಿ ಆತೇನ? ಇವತ್ತ ಯಾರ ಮ್ಯಾಲರೆ ಸಿಟ್ಟೈತೇನ?" ಮೊದಲ ದಿನ ಮೂರನೆಯದಕ್ಕೆ ನಾನು, "ನಿಮ್ಮ ಮ್ಯಾಲ ಐತ್ರಿ" ಎಂದೆ. "ಭಾಳ ಚಲೋ ಆತು. ನಾ ದಿನಾ ಸಿಗ್ತೇನಿ, ನನ್ನ ಮ್ಯಾಲ ತೀರಿಸ್ಕೋ, ಮಂದಿ ಹಣಿ ಬಿಟ್ಟ್ ಬಿಡು" ಎಂದರು. ಸಂಜೆ ಕಾರ್ಡು ನೋಡಿ, ಅದರಲ್ಲಿ ಏನೇ ಇರಲಿ, ಕೊನೆಗೆ ಒಂದೇ ಮಾತು: "ನಾಳಿ ಬರ್ತೀಯಲ್ಲಾ?" ಬಸ್ಸಿನಿಂದ ಇಳಿಯುವ ಶಾಲೆಯ ಮಕ್ಕಳಿಗೆ ಈಗ ನನ್ನ ಬಾಯಿಂದಲೂ ಅದೇ ಮಾತು ತಾನಾಗಿ ಬಂದುಬಿಡುತ್ತದೆ.

ಇನ್ನು ನನ್ನ ಘನಕಾರ್ಯ. ಮೊದಲ ದಿನದ ಕಾರ್ಡಿನಲ್ಲಿ ಐದು ಸೊನ್ನೆ, ಒಂದು ರೈಟ್. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಕಾರ್ಡು ತಿರುವಿ ಮುರುವಿ ನೋಡಿ, "ಹೆಬ್ಬಟ್ಟ ಯಾಕ ಒತ್ತಬೇಕ? ಹೆಬ್ಬಟ್ಟ ಒತ್ತಿ ಹೊಲ ಕಳಕೊಂಡೋರ ಅದಾರ" ಎಂದಳು.

"ಒತ್ತಲಿಲ್ಲಂದ್ರ ನಾಳಿ ಸಾಲಿಯೊಳಗ ಬಿಡೂದಿಲ್ಲ ಬೇ" ಎಂದೆ. ಅಕ್ಕೋರು ಹಾಗೆ ಹೇಳಿರಲಿಲ್ಲ, ನನ್ನದೇ ಒಗ್ಗರಣೆ.

"ಹಂಗಾರ ಈ ದುಂಡಗಿದ್ದದ್ದು ಏನ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಅದು ರೊಟ್ಟಿ ಬೇ. ರೊಟ್ಟಿ ಬಂದ್ರ ಚಲೋ. ಈ ಸೊಟ್ಟ ಗೆರಿ ಐತಲ್ಲ, ಅದು ಕುಡಗೋಲು. ಅದು ಬಂದ್ರ ಕೆಟ್ಟ."

ಅವ್ವ ಬೆರಳಿಟ್ಟು ಐದು ರೊಟ್ಟಿ ಎಣಿಸಿದಳು. ಮುಖ ಅರಳಿತು. ಮನೆಯಲ್ಲಿ ಮಸಿಯ ಪ್ಯಾಡು ಎಲ್ಲಿಂದ ಬರಬೇಕು? ಒಲೆ ಹಚ್ಚುವ ಮುಂಚೆ ತಣ್ಣಗಿದ್ದ ರೊಟ್ಟಿ ಹಂಚಿನ ಬೆನ್ನಿಗೆ ಹೆಬ್ಬೆರಳು ತಿಕ್ಕಿ, ಕಾರ್ಡಿನ ಮೇಲೆ ಗಟ್ಟಿಯಾಗಿ ಒತ್ತಿದಳು. ನನ್ನ ಕೈಗೆ ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ ಕೊಟ್ಟಳು. ನಾನು ನಾಚಿಕೆಯಿಲ್ಲದೆ ತಿಂದೆ.

ಮೊದಲ ವಾರ ಸೊನ್ನೆಗಳದ್ದೇ ರಾಜ್ಯ, ಅವ್ವನಿಗೆ ಹಬ್ಬ. ತೊಂದರೆ ಶುರುವಾದದ್ದು ನಾನು ಸುಧಾರಿಸತೊಡಗಿದ ಮೇಲೆ. ಹೇಗೆ ಸುಧಾರಿಸಿದೆ ಎಂದು ಕೇಳಿದರೆ ದೊಡ್ಡ ಉತ್ತರವಿಲ್ಲ. ಸಿಟ್ಟು ಬಂದಾಗ, ಸಂಜೆ ಅಕ್ಕೋರಿಗೆ ಇದನ್ನು ಹೇಳಬೇಕಲ್ಲ ಎಂದು ನೆನಪಾಗುತ್ತಿತ್ತು. ಹೇಳುವ ಹೊತ್ತಿಗೆ ಸಿಟ್ಟು ಅರ್ಧ ಇಳಿದಿರುತ್ತಿತ್ತು. ನನ್ನ ಜೀವಮಾನದಲ್ಲಿ ದಿನಾ ಬೆಳಿಗ್ಗೆ ನನಗಾಗಿ ಒಬ್ಬರು ಕಾದು ನಿಂತದ್ದು ಅದೇ ಮೊದಲು. ಎರಡು ರೈಟ್ ನಾಲ್ಕಾದವು, ನಾಲ್ಕು ಆರಾದವು.

ಇತ್ತ ಮನೆಯಲ್ಲಿ ಅವ್ವ ಬಾಡುತ್ತ ಬಂದಳು. ಆರು ಕುಡಗೋಲಿನ ಕಾರ್ಡನ್ನು ಒಲೆಯ ಮುಂದೆ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೆ ನಾನೂ ಎದುರು ಕೂಗಾಡಿ ನಿಜ ಕಕ್ಕಿಬಿಡುತ್ತಿದ್ದೆನೇನೋ. ಒಂದು ದಿನ ಧೈರ್ಯ ಮಾಡಿ, "ಅವ್ವಾ, ಆ ಕುಡಗೋಲು ಅದಾವಲ್ಲ..." ಎಂದು ಶುರು ಮಾಡಿದೆ. "ಇರ್ಲಿ ಬಿಡು, ಉಣ್ಣು ಮೊದ್ಲ" ಎಂದು ತಟ್ಟೆ ಮುಂದಿಟ್ಟಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು ನನ್ನದು, ನುಂಗಲೂ ಆಗದು, ಉಗುಳಲೂ ಆಗದು.

ಕೊನೆಗೆ ನನ್ನ ದಡ್ಡತಲೆಗೆ ಒಂದು ಉಪಾಯ ಹೊಳೆಯಿತು. ಅವ್ವನನ್ನು ಖುಷಿಪಡಿಸಲು ಒಂದು ಸೊನ್ನೆ ಸಂಪಾದಿಸಬೇಕು! ಸಮಾಜ ಪಾಠದ ನಡುವೆ ಮುಂದಿನ ಬೆಂಚಿನವಳ ಜಡೆ ಹಿಡಿದು ಜಗ್ಗಿದೆ. ಪಾಪ, ಅವಳು ನನಗೆ ಏನೂ ಮಾಡಿರಲಿಲ್ಲ. ಸೊನ್ನೆ ಬಿತ್ತು. ಸಂಜೆ ಅಕ್ಕೋರು ಕಾರ್ಡನ್ನು ಬಹಳ ಹೊತ್ತು ನೋಡಿದರು. "ಬೆಳಿಗ್ಗೆ ಕೇಳಿದಾಗ ಯಾರ ಮ್ಯಾಲೂ ಸಿಟ್ಟಿಲ್ಲ ಅಂದಿದ್ದಿ. ಏನಾತು ತಂಗಿ?" ಎಂದರು. "ಅವ್ವಗ ಆರಾಮೈತಿಲ್ಲೋ? ಹೆಬ್ಬಟ್ಟು ಇತ್ತಿತ್ಲಾಗ ಮಬ್ಬ ಬೀಳಾಕತ್ತೈತಿ" ಎಂದೂ ಕೇಳಿದರು. ಅಷ್ಟು ಸಣ್ಣದು ಅವರ ಕಣ್ಣಿಗೆ ಬಿದ್ದಿತ್ತು. ನಾನು ಕಾರ್ಡು ಇಸಿದುಕೊಂಡು ಚೀಲಕ್ಕೆ ತುರುಕಿದೆ, ಅವರು "ನಾಳಿ ಬರ್ತೀಯಲ್ಲಾ?" ಎಂದು ಕಳಿಸಿದರು.

ಮನೆಗೆ ಬಂದರೆ ಅವ್ವ, "ಅಗಾ, ಒಂದ ರೊಟ್ಟಿ ಬಂದೈತಲ್ಲಾ!" ಎಂದು ಡಬ್ಬಿ ತೆಗೆದು ಬೆಲ್ಲ ಕೊಟ್ಟಳು. ಆ ಬೆಲ್ಲವನ್ನು ಕಾಗದದಲ್ಲಿ ಸುತ್ತಿಟ್ಟೆ. ಮರುದಿನ ಆ ಜಡೆಯ ಹುಡುಗಿಗೆ ಕೊಟ್ಟು, ತಪ್ಪಾಯಿತು ಎಂದೆ.

ದಸರಾ ಸೂಟಿಗೆ ಮುಂಚಿನ ಶನಿವಾರ ತೀರ್ಮಾನದ ದಿನ. ಹಿಂದಿನ ಸಂಜೆಯೇ ಹಿರೇಕೆರೂರಿನಿಂದ ಚಿಕ್ಕವ್ವ ಬಂದಿಳಿದಳು. ಅವ್ವ ನನ್ನ ಎರಡು ಲಂಗ, ಒಂದು ಚಾದರ ಗಂಟು ಕಟ್ಟಿ ಬಾಗಿಲ ಹಿಂದಿಟ್ಟಳು. ನನಗೆ ಒಳಗೊಳಗೇ ಧೈರ್ಯವಿತ್ತು. ಕಾರ್ಡುಗಳು ರೈಟಿನಿಂದ ತುಂಬಿದ್ದವು, ಹೆಡ್ ಮಾಸ್ತರು ಇಟ್ಟುಕೊಳ್ಳುತ್ತಾರೆ, ಆಮೇಲೆ ಅವ್ವನಿಗೆ ಹೇಳಿದರಾಯಿತು ಎಂದುಕೊಂಡಿದ್ದೆ. ಅವ್ವ ತಾನೇ ಶಾಲೆಗೆ ಬರುತ್ತಾಳೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಬಂದಳು. ಕಳೆ ತೆಗೆಯುವ ಕೂಲಿ ಬಿಟ್ಟು, ಒಗೆದ ಸೀರೆ ಉಟ್ಟು ಬಂದಳು. ಅಕ್ಕೋರು ತಿಂಗಳ ಕೊನೆಗೆ ನನಗೆ ವಾಪಸು ಕೊಟ್ಟಿದ್ದ ಕಾರ್ಡುಗಳನ್ನೆಲ್ಲ ದಾರದಲ್ಲಿ ಕಟ್ಟಿ ತಂದಿದ್ದಳು. ಅಕ್ಕೋರು "ಕುಂದರ್ರಿ" ಎಂದಾಗ ಕುರ್ಚಿಯ ಅಂಚಿಗೆ ಕೂತು, ಕೂಡಲೇ ಎದ್ದು, ಕಾರ್ಡುಗಳನ್ನು ಹೆಡ್ ಮಾಸ್ತರರ ಮೇಜಿನ ಮೇಲೆ ಒಂದೊಂದಾಗಿ ಹರವಿದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ನೋಡ್ರಿ ಸಾಹೇಬ್ರ, ಮೊದಲನೇ ವಾರ ಎಷ್ಟ ಚಲೋ ಇದ್ದಳ್ರಿ ನನ್ನ ಮಗಳು. ಆಮ್ಯಾಲ ಯಾರ ಕಣ್ಣ ಬಿತ್ತೋ, ದಿನಾ ಕೆಟ್ಟಳ್ರಿ. ನನಗೂ ಗೊತ್ತೈತ್ರಿ ಕೆಟ್ಟಾಳಂತ. ಆದ್ರೂ ಹೊರಗ ಹಾಕಬ್ಯಾಡ್ರಿ. ಮೊದ್ಲ ಚಲೋ ಇದ್ದಾಕಿ ಇನ್ನೊಮ್ಮೆ ಆಗೂದಿಲ್ಲೇನ್ರಿ? ಇನ್ನೊಂದಿಷ್ಟ ದಿನಾ ಕೊಡ್ರಿ. ನಿಮ್ಮ ಕಾಲ ಹಿಡೀತೇನಿ."

ಹೆಡ್ ಮಾಸ್ತರು ಕಾರ್ಡು ನೋಡಿದರು, ಅವ್ವನನ್ನು ನೋಡಿದರು, ಅಕ್ಕೋರನ್ನು ನೋಡಿದರು. "ಏನ ಹೇಳಾಕತ್ತಾಳ್ರಿ ಈಕಿ? ಇವೆಲ್ಲಾ ರೈಟ್ ಅದಾವಲ್ಲಾ?"

ಅವ್ವ ಬಗ್ಗಿದಳು. ನಿಜವಾಗಿ ಅವರ ಕಾಲ ಕಡೆಗೆ ಬಗ್ಗಿದಳು. ಅದನ್ನು ನೋಡಲಾಗದೆ ನಾನು ಒಳಗೆ ಓಡಿ ಅವಳ ಕೈ ಹಿಡಿದೆ. ಅಳುತ್ತ, ತೊದಲುತ್ತ ಎಲ್ಲ ಹೇಳಿದೆ. ರೊಟ್ಟಿ ಕೆಟ್ಟದ್ದು, ಕುಡಗೋಲು ಒಳ್ಳೆಯದು, ಬೇಕೆಂದೇ ಸುಳ್ಳು ಹೇಳಿದ್ದೆ, ಜಡೆ ಜಗ್ಗಿದ್ದೂ ಅದಕ್ಕೇ. ಸುಳ್ಳಿ ಎಂದು ಅಲ್ಲೇ ಟಿ.ಸಿ. ಬರೆದುಕೊಡುತ್ತಾರೆ ಎಂದುಕೊಂಡೆ. ಕೊಡಲಿ, ಅವ್ವ ಬಗ್ಗುವುದು ಬೇಡ ಎನಿಸಿತ್ತು.

ಹೆಡ್ ಮಾಸ್ತರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಹಣಿ ಒಡದಾಗ ಒಂದ ಹನಿ ಅಳಲಿಲ್ಲ ಈಕಿ. ನಡೀರಿ, ಸೂಟಿ ಮುಗದ ಮ್ಯಾಲ ವ್ಯಾಳ್ಯಾಕ್ಕ ಸರಿಯಾಗಿ ಕಳಸ್ರಿ" ಎಂದರು. ಅಕ್ಕೋರು ಕಾರ್ಡುಗಳನ್ನು ಮತ್ತೆ ದಾರದಲ್ಲಿ ಕಟ್ಟಿ ಅವ್ವನ ಕೈಗಿಟ್ಟರು. ನನ್ನ ಕಡೆ ತಿರುಗಿ, ನಗದೆ, "ಸೂಟಿ ಮುಗದ ಮ್ಯಾಲ ಬರ್ತೀಯಲ್ಲಾ?" ಎಂದರು. "ಬರ್ತೇನ್ರಿ" ಎಂದೆ. ಅಷ್ಟು ಜೋರಾಗಿ ಇವತ್ತಿನವರೆಗೆ ಬಸ್ಸಿನಲ್ಲೂ ಕೂಗಿಲ್ಲ.

ಶಾಲೆಯ ಗೇಟು ದಾಟಿದ ಮೇಲೆ ಅವ್ವ ಬೆನ್ನಿಗೆ ಒಂದು ಬಿಟ್ಟಳು. ಗಟ್ಟಿಯಾಗಿಯೇ ಬಿಟ್ಟಳು. "ಖೋಡಿ, ನನ್ನ ಹೊಟ್ಟಿಗೆ ಬೆಂಕಿ ಹಾಕಿದ್ಯಲ್ಲ" ಎಂದು ಸ್ವಲ್ಪ ದೂರ ಬೈಯುತ್ತ ನಡೆದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಬ್ಬಳೇ ನಗತೊಡಗಿದಳು. "ಹಂಗಾರ ಅಷ್ಟೂ ಕುಡಗೋಲು ಚಲೋನ?" ಎಂದು ಕೇಳಿದಳು. ಅಷ್ಟೂ ಚಲೋ ಎಂದೆ. ದಾರ ಬಿಚ್ಚಿ ನಡೆಯುತ್ತಲೇ ಮತ್ತೊಮ್ಮೆ ಎಲ್ಲವನ್ನೂ ನೋಡಿದಳು.

ಮನೆ ಹತ್ತಿರ ಬಂದಾಗ ಕೇಳದೆ ಇರಲಾಗಲಿಲ್ಲ. "ಅವ್ವಾ, ನಾ ಕೆಟ್ಟೇನಿ ಅಂತ ತಿಳದೂ ದಿನಾ ಯಾಕ ಹೆಬ್ಬಟ್ಟ ಒತ್ತಿದಿ? ಒಂದ ದಿನಾನೂ ಬಿಡಲಿಲ್ಲಲ್ಲ?"

ಅವ್ವ ನಾನೇನೋ ದಡ್ಡ ಪ್ರಶ್ನೆ ಕೇಳಿದಂತೆ ನನ್ನ ಮುಖ ನೋಡಿದಳು.

"ಒತ್ತಲಿಲ್ಲಂದ್ರ ಮರುದಿನ ಸಾಲಿಯೊಳಗ ಬಿಡೂದಿಲ್ಲ ಅಂತ ನೀನ ಅಂದಿದ್ದಿಯಲ್ಲ" ಎಂದಳು.